ಘಟಪ್ರಭೆಯ ದಂಡೆಯ ಹಳೆಯ ಪೇಟೆ: ಗೋಕಾಕ ಪಟ್ಟಣದ ಪುನರ್ನಿರ್ಮಾಣದ ಪ್ರಶ್ನೆ

ಪಶ್ಚಿಮ ಘಟ್ಟದ ಮಡಿಲಲ್ಲಿ ಹುಟ್ಟಿ, ಸುಮಾರು 283 ಕಿಲೋಮೀಟರು ಹರಿದು ಕೃಷ್ಣೆಯನ್ನು ಕೂಡುವ ಘಟಪ್ರಭೆಯು ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಹುಕ್ಕೇರಿಯ ನೆಲದಲ್ಲಿ ಅದು ಜಲಾಶಯವಾಗಿ ನಿಂತಿದೆ. ಗೋಕಾಕದ ನೆಲದಲ್ಲಿ ಜಲಪಾತವಾಗಿ ಧುಮುಕಿದೆ. ಮೂಡಲಗಿಯ ನೆಲದಲ್ಲಿ ಕಾಲುವೆಯಾಗಿ ಹೊಲಗಳಿಗೆ ಇಳಿದಿದೆ. ಈ ನಾಡಿಗೆ ಅನ್ನವನ್ನೂ ಉದ್ಯೋಗವನ್ನೂ ನೀಡಿದ ನದಿಯೇ 2019ರ ಆಗಸ್ಟ್ ತಿಂಗಳಲ್ಲಿ ಗೋಕಾಕ ಪಟ್ಟಣದ ಹಳೆಯ ಭಾಗವನ್ನು ಹೊಕ್ಕು ಸಾವಿರಾರು ಜನರನ್ನು ಮನೆಯಿಂದ ಹೊರಗೆ ನಿಲ್ಲಿಸಿತು. ನೀರು ಇಳಿದ ಮೇಲೆ ಎದ್ದು ನಿಂತ ಪ್ರಶ್ನೆ ಇಂದಿಗೂ ಉತ್ತರವನ್ನು ಕಾಯುತ್ತಿದೆ. ಬಿದ್ದ ಪೇಟೆಯನ್ನು ಬಿದ್ದಲ್ಲಿಯೇ ಕಟ್ಟಬೇಕೆ? ಅಥವಾ ಎತ್ತರದ ನೆಲಕ್ಕೆ ಒಯ್ಯಬೇಕೆ? ಒಯ್ಯುವುದಾದರೆ ಏನನ್ನು ಒಯ್ಯಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವವರು ಮೊದಲು ಆ ಪೇಟೆ ಅಲ್ಲಿ ಏಕೆ ಬೆಳೆಯಿತೆಂಬುದನ್ನು ತಿಳಿಯಬೇಕಾಗುತ್ತದೆ.

ಊರು ಬೆಳೆದ ಬಗೆ

ಜನರ ಬಾಯಲ್ಲಿ ಗೋಕಾವಿ ಎನಿಸಿಕೊಂಡ ಈ ಊರು ಪ್ರಾಚೀನವಾದುದು. ಕ್ರಿ.ಶ. 1047ರ ಶಾಸನವೊಂದರಲ್ಲಿ ಇದರ ಹೆಸರು ‘ಗೋಕಗೆ’ ಎಂಬ ರೂಪದಲ್ಲಿ ದೊರೆಯುತ್ತದೆ. 1685ರ ಹೊತ್ತಿಗೆ ಇದು ಒಂದು ಸರಕಾರದ, ಅಂದರೆ ಆ ಕಾಲದ ಒಂದು ಆಡಳಿತ ವಿಭಾಗದ, ಮುಖ್ಯಸ್ಥಾನವಾಗಿತ್ತು. 1717ರಿಂದ 1754ರ ವರೆಗೆ ಸವಣೂರಿನ ನವಾಬರ ಕೈಯಲ್ಲಿದ್ದು, ಅನಂತರ ಪಟವರ್ಧನರ ಆಳ್ವಿಕೆಗೆ ಬಂದು, 1836ರಲ್ಲಿ ಬ್ರಿಟಿಷರ ವಶವಾಯಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಲ್ಲಿ ಪುರಸಭೆ ಸ್ಥಾಪನೆಯಾಯಿತು.

ಅರಸರು ಬದಲಾದರೂ ಊರನ್ನು ನಡೆಸಿದವರು ಕಸುಬುದಾರರು. ನೇಕಾರಿಕೆ ಮತ್ತು ಬಣ್ಣಗಾರಿಕೆ ಇಲ್ಲಿ ಒಂದು ಕಾಲಕ್ಕೆ ಹೆಸರಾಗಿದ್ದವು. ಒರಟು ಕಾಗದವೂ ಅಲ್ಪ ಪ್ರಮಾಣದಲ್ಲಿ ತಯಾರಾಗುತ್ತಿತ್ತು. ಹಗುರವಾದ ಮರದಿಂದಲೂ ಸುತ್ತಲಿನ ಮಣ್ಣಿನಿಂದಲೂ ಮಾಡಿದ ಹಣ್ಣು, ಕಾಯಿ, ಮನುಷ್ಯಾಕೃತಿಗಳ ಗೊಂಬೆಗಳು ಗೋಕಾಕದ ಹೆಸರನ್ನು ದೂರದೂರಕ್ಕೆ ಒಯ್ದವು. ಗೋಕಾಕದ ಕರದಂಟು ಇಂದು ಕರ್ನಾಟಕದ ಮನೆಮನೆಗೂ ಪರಿಚಿತ.

ಈ ಕಸುಬುಗಳನ್ನು ಗಮನಿಸಿದರೆ ಊರು ನದಿಯ ಮಗ್ಗುಲಿಗೇ ಏಕೆ ಅಂಟಿಕೊಂಡಿತೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಬಣ್ಣದ ನೂಲನ್ನು ಜಾಲಿಸಲು ಹರಿಯುವ ನೀರು ಬೇಕು. ಕಾಗದದ ತಿರುಳಿಗೆ ನೀರು ಬೇಕು. ಕುಂಬಾರನಿಗೆ ನದಿಯ ಮೆಕ್ಕಲು ಮಣ್ಣು ಬೇಕು. ಸಂತೆಗೆ ಬಂದ ದನಗಳಿಗೆ ಕುಡಿಯುವ ನೀರು ಬೇಕು. ಹೀಗೆ ದನದ ಪೇಟೆ, ಕುಂಬಾರ ಓಣಿ, ಉಪ್ಪಾರ ಓಣಿ ಮೊದಲಾದ ಹೆಸರುಗಳೇ ಊರಿನ ಇತಿಹಾಸವನ್ನು ಹೇಳುತ್ತವೆ. ನಮ್ಮ ಹಿರಿಯರು ತಿಳಿಯದೆ ತಗ್ಗಿನಲ್ಲಿ ಮನೆ ಕಟ್ಟಿದರೆಂದು ಇಂದಿನವರು ಹಗುರಾಗಿ ಆಡುವುದುಂಟು. ಆದರೆ ಆ ದಿನಗಳಲ್ಲಿ ನದಿಯ ಸಾಮೀಪ್ಯವೇ ಜೀವನೋಪಾಯವಾಗಿತ್ತು. ಅಲ್ಲದೆ ಊರು ಚಿಕ್ಕದಿತ್ತು. 1901ರಲ್ಲಿ ಗೋಕಾಕದ ಜನಸಂಖ್ಯೆ ಹತ್ತು ಸಾವಿರಕ್ಕೂ ಕಡಿಮೆ; 2011ರ ಜನಗಣತಿಯಲ್ಲಿ ಅದು ಸುಮಾರು 79 ಸಾವಿರ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ ಇರುವ ನೆಲದಲ್ಲಿ ಜನ ಎಂಟು ಪಟ್ಟಾದಾಗ, ಹಿಂದೆ ಬಯಲಾಗಿ ಬಿಟ್ಟಿದ್ದ ದಂಡೆಯ ಮೇಲೂ ಗೋಡೆಗಳು ಏಳುವುದು ಅನಿವಾರ್ಯವಾಯಿತು.

ಜಲಪಾತದ ಗಿರಣಿ

ಪಟ್ಟಣದಿಂದ ಕೆಲವೇ ಮೈಲಿಗಳ ಮೇಲಕ್ಕೆ ಘಟಪ್ರಭೆಯು ಕುದುರೆಯ ಲಾಳದ ಆಕಾರದ ಬಂಡೆಯ ಅಂಚಿನಿಂದ ಸುಮಾರು 52 ಮೀಟರು, ಎಂದರೆ 170 ಅಡಿ ಆಳಕ್ಕೆ ಬೀಳುತ್ತದೆ. ಈ ಬೀಳುವಿಕೆಯಲ್ಲಿರುವ ಶಕ್ತಿಯನ್ನು ಕಂಡು 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿಯು ರೂಪುಗೊಂಡಿತು. 1887ರಲ್ಲಿ ಜಲಶಕ್ತಿಯಿಂದ ನಡೆಯುವ ನೂಲಿನ ಗಿರಣಿ ಕೆಲಸ ಆರಂಭಿಸಿತು. ಗಿರಣಿಯೊಡನೆ ಅದರ ಕೆಲಸಗಾರರ ವಸತಿಯೂ ಬೆಳೆಯಿತು. ನದಿಯ ಎರಡು ದಂಡೆಗಳನ್ನು ಕೂಡಿಸುವ ಸುಮಾರು 200 ಮೀಟರು ಉದ್ದದ ತೂಗುಸೇತುವೆ ಆ ಕಾಲದ ಕುರುಹಾಗಿ ಪ್ರವಾಸಿಗರ ಕಣ್ಣಿಗೆ ಬೀಳುತ್ತದೆ.

ಪುನರ್ನಿರ್ಮಾಣದ ವಿಚಾರದಲ್ಲಿ ಈ ಗಿರಣಿಯ ಊರು ಒಂದು ಪಾಠವನ್ನು ಹೇಳುತ್ತದೆ. ಹಳೆಯ ಪೇಟೆ ತಾನಾಗಿ ಬೆಳೆದದ್ದು. ಗಿರಣಿಯ ಊರು ಯೋಚಿಸಿ ಕಟ್ಟಿದ್ದು. ಅಲ್ಲಿ ಮೊದಲು ಕೆಲಸದ ಸ್ಥಾನ ಗೊತ್ತಾಯಿತು, ಅನಂತರ ಅದರ ನಡಿಗೆಯ ಅಳತೆಯಲ್ಲಿ ಗಟ್ಟಿ ಬಂಡೆಯ ಮೇಲೆ ಮನೆಗಳು ಬಂದವು. ಕೆಲಸವಿದ್ದೆಡೆಗೆ ಜನ ಕರೆಯದೆಯೂ ಬರುತ್ತಾರೆ. ಕೆಲಸವಿಲ್ಲದೆಡೆಗೆ ಮನೆ ಕಟ್ಟಿ ಕರೆದರೂ ಅವರು ನಿಲ್ಲುವುದು ಕಷ್ಟ.

ಕಾಲುವೆ ಮತ್ತು ಜಲಾಶಯ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಧುಪದಾಳದ ಒಡ್ಡಿನಿಂದ ನೀರು ತಿರುಗಿಸಿ ಗೋಕಾಕ ಕಾಲುವೆಯನ್ನು ತೆಗೆಯಲಾಗಿತ್ತು. ಸ್ವಾತಂತ್ರ್ಯಾನಂತರ ಘಟಪ್ರಭಾ ಯೋಜನೆಯು ಹಂತಹಂತವಾಗಿ ಕೈಗೂಡಿತು. ಮೊದಲ ಹಂತದಲ್ಲಿ ಧುಪದಾಳದಿಂದ 71 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆ, ಮುಂದಿನ ಹಂತಗಳಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಮತ್ತು ಬಲದಂಡೆ ಕಾಲುವೆ. ವಂಟಮೂರಿಯ ರಾಜಾ ಲಖಮಗೌಡರ ಹೆಸರನ್ನು ಹೊತ್ತ ಆ ಜಲಾಶಯದ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ. ಮೂಡಲಗಿಯ ಸುತ್ತಲಿನ ಹೊಲಗಳಲ್ಲಿ ಕಬ್ಬು, ಗೋವಿನಜೋಳ ತುಂಬಿದುದು ಈ ನೀರಿನ ಪುಣ್ಯದಿಂದ. ಒಂದು ಕಾಲಕ್ಕೆ ಗೋಕಾಕ ತಾಲೂಕಿನ ಭಾಗವಾಗಿದ್ದ ಮೂಡಲಗಿ ಇಂದು ತಾನೇ ತಾಲೂಕಿನ ಕೇಂದ್ರವಾಗಿದೆ.

ಆದರೆ ಈ ಸಮೃದ್ಧಿಯ ಬೆಲೆಯನ್ನು ತೆತ್ತವರು ಹುಕ್ಕೇರಿ ತಾಲೂಕಿನ ಮುಳುಗಡೆಯ ಹಳ್ಳಿಗಳವರು. ಬೇಸಿಗೆಯಲ್ಲಿ ಜಲಾಶಯದ ನೀರು ತೀರ ಕೆಳಗಿಳಿದಾಗ ಹುನ್ನೂರಿನ ವಿಠ್ಠಲ ಮಂದಿರವು ಕೆಸರಿನ ನಡುವಿನಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಆಗ ಸುತ್ತಲಿನ ಜನ ಅಲ್ಲಿಗೆ ಹೋಗಿ ಕೈಮುಗಿದು ಬರುತ್ತಾರೆ. ಊರು ಎಂದರೆ ಗೋಡೆ ಮಾಡುಗಳ ಲೆಕ್ಕವಷ್ಟೇ ಆಗಿದ್ದರೆ, ಇಷ್ಟು ವರ್ಷಗಳ ಮೇಲೆ ಯಾರೂ ಆ ಕೆಸರಿನಲ್ಲಿ ಹೆಜ್ಜೆ ಇಡುತ್ತಿರಲಿಲ್ಲ.

ನೀರು ಏರುವ ಬಗೆ

ದೊಡ್ಡ ಅಣೆಕಟ್ಟು ಮೇಲಿರುವಾಗ ಗೋಕಾಕಕ್ಕೆ ಪ್ರವಾಹ ಬರುವುದಾದರೂ ಹೇಗೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಮೂರು ಹೊಳೆಗಳಲ್ಲಿದೆ. ಹಿಡಕಲ್ ಜಲಾಶಯವು ಘಟಪ್ರಭೆಯ ಮೇಲ್ಭಾಗದ ನೀರನ್ನು ಮಾತ್ರ ಹಿಡಿಯಬಲ್ಲುದು. ಸಂಕೇಶ್ವರದ ಮಗ್ಗುಲಲ್ಲಿ ಹರಿದು ಬರುವ ಹಿರಣ್ಯಕೇಶಿಯ ನೀರು ಆ ಅಣೆಕಟ್ಟಿನ ಹಿಡಿತಕ್ಕೆ ಹೊರಗಿನದು. ಬೆಳಗಾವಿಯ ಕಡೆಯಿಂದ ಬಂದು, ಗೊಡಚಿನಮಲ್ಕಿಯಲ್ಲಿ ಧುಮುಕಿ, ಗೋಕಾಕದ ಬಳಿ ಘಟಪ್ರಭೆಯನ್ನು ಸೇರುವ ಮಾರ್ಕಂಡೇಯಕ್ಕೆ ಶಿರೂರಿನಲ್ಲಿ ಅಣೆಕಟ್ಟು ಇದ್ದರೂ ಅದು ಚಿಕ್ಕದು. ಮಳೆ ಸಾಧಾರಣವಾಗಿದ್ದಾಗ ಈ ಮೂರೂ ಹೊಳೆಗಳು ಬೇರೆ ಬೇರೆ ಹೊತ್ತಿಗೆ ಏರಿ ಇಳಿಯುತ್ತವೆ. ಎಲ್ಲೆಡೆಯೂ ಒಮ್ಮೆಲೇ ಜಡಿಮಳೆ ಹಿಡಿದು, ಹಿಡಕಲ್ ತುಂಬಿ ಬಾಗಿಲು ತೆರೆಯಲೇಬೇಕಾದಾಗ ಮೂರು ನೀರೂ ಒಂದೇ ಹೊತ್ತಿಗೆ ಗೋಕಾಕವನ್ನು ತಲುಪುತ್ತವೆ.

ಸಂಗಮದಲ್ಲಿ ಇನ್ನೊಂದು ಸಂಗತಿಯೂ ಕೆಲಸ ಮಾಡುತ್ತದೆ. ಹಿರಿಯ ಹೊಳೆ ಉಕ್ಕಿ ನಿಂತಾಗ ಕಿರಿಯ ಹೊಳೆಯ ನೀರಿಗೆ ಒಳಹೋಗಲು ದಾರಿಯಿರುವುದಿಲ್ಲ. ಅದು ಹಿಮ್ಮುಖವಾಗಿ ಸರಿದು ತನ್ನ ದಂಡೆಯ ಮೇಲೆಯೇ ಹರಡುತ್ತದೆ. ಊರಿನ ಗಟಾರುಗಳ ನೀರೂ ಹೊಳೆಗೆ ಇಳಿಯಲಾರದೆ ಓಣಿಗಳಲ್ಲಿಯೇ ನಿಲ್ಲುತ್ತದೆ. ಆದುದರಿಂದ ಪ್ರವಾಹವು ಎದುರಿನಿಂದ ಬರುವ ಮೊದಲೇ ಹಿಂಬದಿಯಿಂದ ಮನೆ ಹೊಕ್ಕಂತೆ ಜನರಿಗೆ ತೋರುತ್ತದೆ.

2019ರ ಆಗಸ್ಟಿನಲ್ಲಿ ನಡೆದದ್ದು ಇದೇ. ಲೋಳಸೂರ ಸೇತುವೆ ಮುಳುಗಿತು. ಹಳೆಯ ಪೇಟೆಯ ಓಣಿಗಳು ನೀರುಪಾಲಾದವು. ಮಣ್ಣಿನ ಗೋಡೆಯ ಮನೆಗಳು ನೀರಿದ್ದಾಗ ನಿಂತು, ನೀರು ಇಳಿದ ಮೇಲೆ ಒಂದೊಂದಾಗಿ ಕುಸಿದವು. ಮೇಲೆ ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ, ಕೆಳಗೆ ಮೂಡಲಗಿ ತಾಲೂಕಿನ ಸುಣಧೋಳಿ, ಢವಳೇಶ್ವರ, ಅವರಾದಿಗಳ ಕಡೆಯಲ್ಲಿ ಹೊಳೆದಂಡೆಯ ಜನ ಇದೇ ಸಂಕಟವನ್ನು ಉಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೆ ಮಳೆ ಸುರಿದಾಗ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಮೇಲಿನ ಭಾರಿ ಬಂಡೆಗಳು ಬುಡದ ಮಣ್ಣು ಸಡಿಲಿ ಊರಿನ ಮೇಲೆ ಉರುಳುವ ಭೀತಿ ಉಂಟಾಗಿ, ಅವುಗಳನ್ನು ಒಡೆದು ತೆಗೆಯಬೇಕಾಯಿತು. ತಗ್ಗನ್ನು ಬಿಟ್ಟು ಎತ್ತರಕ್ಕೆ ಹೋಗಿರೆಂದು ಹೇಳುವುದು ಸುಲಭ. ಎಲ್ಲ ಎತ್ತರವೂ ನೆಲೆಯಲ್ಲವೆಂಬುದನ್ನು ಆ ಬಂಡೆಗಳು ತೋರಿಸಿಕೊಟ್ಟವು. ಮುಂದೆ 2021ರಲ್ಲಿ, ಮತ್ತೆ 2024ರಲ್ಲಿ ಹೊಳೆ ಅದೇ ಓಣಿಗಳಿಗೆ ಬಂದಿತು.

ಪರಿಹಾರಕ್ಕೂ ಪುನರ್ವಸತಿಗೂ ಇರುವ ಅಂತರ

2019ರಲ್ಲಿ ಸರಕಾರವು ನೀರು ಹೊಕ್ಕ ಮನೆಗಳಿಗೆ ತುರ್ತಾಗಿ 10 ಸಾವಿರ ರೂಪಾಯಿ, ಪೂರ್ಣ ಕುಸಿದ ಮನೆಗಳಿಗೆ ಕಟ್ಟಿಕೊಳ್ಳಲು 5 ಲಕ್ಷ ರೂಪಾಯಿ ಘೋಷಿಸಿತು. ಇದು ಸಣ್ಣ ನೆರವೇನೂ ಅಲ್ಲ. ಆದರೆ ಈ ನೆರವಿನ ಲೆಕ್ಕ ಗೋಡೆಯಿಂದ ಆರಂಭವಾಗಿ ಗೋಡೆಯಲ್ಲಿಯೇ ಮುಗಿಯುತ್ತದೆ. ಹಳೆಯ ಪೇಟೆಯ ಒಂದು ಮನೆ ಮುಂದೆ ಅಂಗಡಿ, ನಡುವೆ ಕಸುಬಿನ ಜಾಗ, ಹಿಂದೆ ಅಡಿಗೆಮನೆಯಾಗಿರುತ್ತದೆ. ಗೊಂಬೆ ಮಾಡುವವನಿಗೆ ಮರದ ತುಂಡು, ಬಣ್ಣ, ಅಚ್ಚುಗಳೇ ಬಂಡವಾಳ. ಕುಂಬಾರನಿಗೆ ತಿಗರಿ ಮತ್ತು ಆವಿಗೆ. ಗೋಡೆಯ ಹಣ ಗೋಡೆಯ ಒಡೆಯನಿಗೆ ಸಲ್ಲುವುದರಿಂದ, ಬಾಡಿಗೆಯ ಕೋಣೆಯಲ್ಲಿ ಕಸುಬು ನಡೆಸುವವನು ಲೆಕ್ಕದಿಂದ ಹೊರಗೆ ಉಳಿಯುತ್ತಾನೆ. ಅದೇ ಹಣದಿಂದ ಅದೇ ಸ್ಥಳದಲ್ಲಿ ಎದ್ದ ಮನೆಯು ಮುಂದಿನ ಹೊಳೆಗೆ ಮತ್ತೆ ಎದುರಾಗುತ್ತದೆ.

ಅಣೆಕಟ್ಟಿನಿಂದ ಮುಳುಗಿದವರಿಗೂ ಪ್ರವಾಹದಿಂದ ಮುಳುಗಿದವರಿಗೂ ಕಾಯಿದೆಯ ಕಣ್ಣಿನಲ್ಲಿ ಬಹಳ ಅಂತರವಿದೆ. ಸರಕಾರವು ಸಾರ್ವಜನಿಕ ಉದ್ದೇಶಕ್ಕಾಗಿ ಭೂಮಿಯನ್ನು ತೆಗೆದುಕೊಳ್ಳುವಾಗ ಅನ್ವಯವಾಗುವ 2013ರ ಭೂಸ್ವಾಧೀನ ಕಾಯಿದೆಯು ಪುನರ್ವಸತಿಯನ್ನು ಹಕ್ಕಾಗಿ ಮಾನ್ಯಮಾಡಿದೆ. ಭೂಮಿಯ ಒಡೆತನವಿಲ್ಲದಿದ್ದರೂ, ಹಿಂದಿನ ಮೂರು ವರ್ಷಗಳಿಂದ ಅಲ್ಲಿ ದುಡಿದು ಬದುಕುತ್ತಿದ್ದ ಗೇಣಿದಾರ, ಕೂಲಿಕಾರ, ಕುಶಲಕರ್ಮಿಗಳ ಕುಟುಂಬಗಳನ್ನೂ ಅದು ಬಾಧಿತ ಕುಟುಂಬಗಳೆಂದು ಎಣಿಸುತ್ತದೆ. ಹೊಳೆಯು ತಾನಾಗಿ ಬಂದು ಮನೆ ಕೆಡವಿದಾಗ ದೊರೆಯುವುದು ಪರಿಹಾರ ಮಾತ್ರ. ಆದರೆ ಮೂರು ಸಲ ಮುಳುಗಿದ ಓಣಿಯ ಕುಶಲಕರ್ಮಿಗೂ ಜಲಾಶಯದಲ್ಲಿ ಮುಳುಗಿದ ಹಳ್ಳಿಯ ಕುಶಲಕರ್ಮಿಗೂ ಹೊಟ್ಟೆಯ ಸಂಕಟ ಒಂದೇ. ಹಳೆಯ ಪೇಟೆಯ ಪುನರ್ನಿರ್ಮಾಣವನ್ನು ಯೋಜಿಸುವವರು ಈ ಕಾಯಿದೆಯ ಅಕ್ಷರವು ಅನ್ವಯಿಸದಿದ್ದರೂ ಅದರ ಆಶಯವನ್ನಾದರೂ ಕೈಬಿಡದಿರುವುದು ನ್ಯಾಯ.

ಅದೇ ಹೊಳೆಯ ಇನ್ನೊಂದು ಊರು

ಇಡೀ ಪೇಟೆಯನ್ನು ಎತ್ತರಕ್ಕೆ ಒಯ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹುಡುಕಬೇಕಾಗಿಲ್ಲ. ಇದೇ ಘಟಪ್ರಭೆಯ ಕೆಳದಂಡೆಯಲ್ಲಿ ಬಾಗಲಕೋಟೆಯಿದೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅದರ ಹಿನ್ನೀರು ಬಾಗಲಕೋಟೆಯ ತಗ್ಗಿನ ಭಾಗವನ್ನು ಮುಳುಗಿಸುವುದು ನಿಶ್ಚಯವಾದ ಮೇಲೆ, 1983ರ ಕಾಯಿದೆಯಂತೆ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರವು ಅಸ್ತಿತ್ವಕ್ಕೆ ಬಂದಿತು. ಕೆಲವು ಕಿಲೋಮೀಟರು ಆಚೆಯ ಎತ್ತರದಲ್ಲಿ ನವನಗರವು ರೂಪುಗೊಂಡಿತು. ಅದರ ಯೋಜನೆಯನ್ನು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಸಿದ್ಧಪಡಿಸಿದರು.

ಇದರಲ್ಲಿ ಮೆಚ್ಚಬೇಕಾದುದು ಬಹಳವಿದೆ. ನೀರು ಬರುವ ಮೊದಲೇ ನಗರ ಸಿದ್ಧವಾಗಬೇಕೆಂಬ ದೂರದೃಷ್ಟಿ ಮೊದಲನೆಯದು. ಅಗಲವಾದ ರಸ್ತೆ, ವಿಭಾಗಗಳಾಗಿ ಹಂಚಿದ ನಿವೇಶನ, ಶಾಲೆ ಆಸ್ಪತ್ರೆಗಳಿಗೆ ಮೀಸಲಾದ ನೆಲ ಎರಡನೆಯದು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗಿ, ಜಿಲ್ಲಾಡಳಿತದ ಕಚೇರಿಗಳು ನವನಗರಕ್ಕೆ ಬಂದ ಮೇಲೆ ಅಲ್ಲಿ ಜನಜೀವನ ತುಂಬಿಕೊಂಡಿತು. ಹಳೆಯ ಊರಿಗೂ ನವನಗರಕ್ಕೂ ನಡುವಿನ ವಿದ್ಯಾಗಿರಿಯಲ್ಲಿ, 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳು ಮೊದಲೇ ನೆಲೆಯೂರಿದ್ದವು. ಕಚೇರಿಯೂ ಕಾಲೇಜೂ ಇದ್ದಲ್ಲಿ ಅಂಗಡಿ ತಾನಾಗಿ ಬರುತ್ತದೆ. ಅಂಗಡಿಯ ಬೆನ್ನಿಗೆ ಮನೆ.

ಆದರೂ ಕಷ್ಟವಿಲ್ಲದೆ ಇದು ನಡೆಯಲಿಲ್ಲ. ಅಣೆಕಟ್ಟಿನ ಎತ್ತರವು ಒಮ್ಮೆಗೇ ನಿರ್ಣಯವಾಗದೆ, ಮೊದಲು 519.6 ಮೀಟರು, ಅನಂತರ 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿಯ ತೀರ್ಪಿನಂತೆ 524.256 ಮೀಟರು ಎಂದಾದುದರಿಂದ, ಊರು ಹಂತಹಂತವಾಗಿ ಹೊರಡಬೇಕಾಯಿತು. ನೆರೆಮನೆಯವನು ಹೋದ ಮೇಲೂ ತಾನು ವರ್ಷಗಟ್ಟಲೆ ಕಾಯಬೇಕಾದ ಕುಟುಂಬಗಳು ಎಷ್ಟೋ. ಹಳೆಯ ಊರಿನ ಉಳಿದ ಭಾಗದಲ್ಲಿ ವ್ಯಾಪಾರ ನಡೆದೇ ಇರುವುದರಿಂದ, ಮನೆ ಒಂದೆಡೆ ಅಂಗಡಿ ಒಂದೆಡೆ ಎಂಬ ಬದುಕು ಅನೇಕರ ಪಾಲಿಗೆ ಬಂದಿತು. ಪೇಟೆಯನ್ನು ತುಂಡುತುಂಡಾಗಿ ಒಯ್ಯಬಾರದು, ಮತ್ತು ಮನೆಗಿಂತ ಮೊದಲು ಉದ್ಯೋಗವನ್ನು ಒಯ್ಯಬೇಕು ಎಂಬ ಎರಡು ಮಾತುಗಳನ್ನು ಬಾಗಲಕೋಟೆ ಗೋಕಾಕಕ್ಕೆ ಕಲಿಸುತ್ತದೆ.

ಹೊರದೇಶದ ಒಂದು ನಿದರ್ಶನವೂ ಇಲ್ಲಿ ಉಪಯುಕ್ತ. ಹಾಲೆಂಡ್ ದೇಶದಲ್ಲಿ 1993 ಮತ್ತು 1995ರಲ್ಲಿ ನದಿಗಳು ಉಕ್ಕಿ, ಎರಡನೆಯ ಸಲ ಸುಮಾರು ಎರಡೂವರೆ ಲಕ್ಷ ಜನರನ್ನು ತೆರವುಮಾಡಿಸಬೇಕಾಯಿತು. ಒಡ್ಡುಗಳನ್ನು ಎತ್ತರಿಸುತ್ತ ಹೋಗುವುದಕ್ಕೆ ಕೊನೆಯಿಲ್ಲವೆಂದು ಮನಗಂಡು, ಆ ಜನ ನದಿಗೆ ಜಾಗ ಬಿಡುವ ಯೋಜನೆಯನ್ನು ಕೈಗೊಂಡರು. ನೈಮೇಗನ್ ನಗರದ ಬಳಿ ಒಡ್ಡನ್ನು 350 ಮೀಟರು ಹಿಂದಕ್ಕೆ ಸರಿಸಿ, ಹೊಳೆಗೆ ಹೊಸ ಪಾತ್ರವನ್ನು ತೋಡಿದರು. ಓವರ್‌ಡೀಪ್ಸೆ ಎಂಬ ತಗ್ಗಿನ ಪ್ರದೇಶದಲ್ಲಿ ರೈತರೇ ಮುಂದೆ ಬಂದು, ಎತ್ತರದ ದಿಬ್ಬಗಳನ್ನು ಕಟ್ಟಿ ಅವುಗಳ ಮೇಲೆ ಮನೆ ಕೊಟ್ಟಿಗೆಗಳನ್ನು ನಿರ್ಮಿಸಿ, ಹೊಲಗಳನ್ನು ಪ್ರವಾಹಕ್ಕೆ ತೆರೆದಿಡುವ ಸಲಹೆ ನೀಡಿದರು. ಕೆಲವರು ಉಳಿದರು, ಕೆಲವರು ಬೇರೆಡೆಗೆ ಹೋದರು. ಯೋಜನೆ ಮಾತ್ರ ಅವರೆಲ್ಲರ ಬಾಯಿಂದಲೇ ಬಂದುದು.

ಗೋಕಾಕಕ್ಕೆ ಹೊಂದುವ ದಾರಿ

ಹಾಲೆಂಡಿನ ಹಣವಾಗಲಿ, ಬಾಗಲಕೋಟೆಗೆ ದೊರೆತ ಪ್ರಾಧಿಕಾರವಾಗಲಿ ಗೋಕಾಕಕ್ಕೆ ಇಲ್ಲ. ಆದರೂ ಈ ಅನುಭವಗಳಿಂದ ಒಂದು ಕ್ರಮವನ್ನು ಗುರುತಿಸಬಹುದು. ಮೊದಲನೆಯದಾಗಿ, ನೀರು ಎಲ್ಲಿಯ ವರೆಗೆ ಬಂದಿತ್ತೆಂಬ ಗುರುತು ಊರಿನ ಗೋಡೆಗಳ ಮೇಲೆ ಶಾಶ್ವತವಾಗಿ ಉಳಿಯಬೇಕು. ಎರಡು ಬೇಸಿಗೆ ಕಳೆದರೆ ಮನುಷ್ಯನ ನೆನಪು ಬತ್ತುತ್ತದೆ. ಕಲ್ಲಿನ ಮೇಲಿನ ಗೆರೆ ಬತ್ತುವುದಿಲ್ಲ. ಎರಡನೆಯದಾಗಿ, ಪ್ರತಿ ಸಲವೂ ಮುಳುಗುವ ಓಣಿಗಳನ್ನು ಅಪರೂಪಕ್ಕೆ ಮುಳುಗುವ ಓಣಿಗಳಿಂದ ಬೇರ್ಪಡಿಸಬೇಕು. ಎರಡನೆಯ ಬಗೆಯವುಗಳಲ್ಲಿ ಗಟ್ಟಿ ತಳಪಾಯ, ಎತ್ತರದ ಜಗಲಿ, ಸರಕನ್ನು ಮೇಲಿಡಲು ಅಟ್ಟ, ಇಷ್ಟರಿಂದಲೇ ಬಹುಪಾಲು ನಷ್ಟ ತಪ್ಪೀತು. ಮೊದಲ ಬಗೆಯವುಗಳನ್ನು ಮಾತ್ರ ಒಯ್ಯಬೇಕು. ಆದರೆ ಓಣಿಯನ್ನು ಓಣಿಯಾಗಿಯೇ, ಕಸುಬಿನ ಜಾಗ, ಬಾಡಿಗೆದಾರ, ಸಂತೆಯ ಕಟ್ಟೆ ಸಹಿತವಾಗಿ ಒಯ್ಯಬೇಕು. ಗುಡ್ಡದ ಬುಡವನ್ನು ಪರೀಕ್ಷಿಸದೆ ಅಲ್ಲಿ ನಿವೇಶನ ಹಂಚಬಾರದು. ಮೂರನೆಯದಾಗಿ, ತೆರವಾದ ದಂಡೆಯು ಮತ್ತೆ ಅಂಗಡಿಗಳ ಪಾಲಾಗದೆ ಬಯಲಾಗಿಯೇ ಉಳಿಯಬೇಕು. ಬೇಸಿಗೆಯಲ್ಲಿ ಅದು ದನದ ಸಂತೆಗೂ ಜಾತ್ರೆಗೂ ಮಕ್ಕಳ ಆಟಕ್ಕೂ ಇರಲಿ, ಮಳೆಗಾಲದಲ್ಲಿ ಹೊಳೆಗಿರಲಿ.

ಇದರಲ್ಲಿ ಸರಕಾರದ ಪಾಲು ದೊಡ್ಡದು. ವಿದ್ಯಾಸಂಸ್ಥೆಗಳ ಪಾಲೂ ಇದೆ. 2019ರಲ್ಲಿ ನಿರಾಶ್ರಿತರು ಮೊದಲು ಕಾಲಿಟ್ಟದ್ದು ಶಾಲೆಗಳ ಕೋಣೆಗಳಲ್ಲಿ. ಆದುದರಿಂದ ಶಾಲೆಗೆ ಹೊಸ ಕಟ್ಟಡ ಬರುವಾಗ ಅದು ಎತ್ತರದ ನೆಲದಲ್ಲಿದ್ದು, ಕುಡಿಯುವ ನೀರು ಮತ್ತು ಶೌಚಾಲಯಗಳನ್ನು ಹೊಂದಿರುವಂತೆ ನೋಡಿಕೊಂಡ ದಾನಿಯು ಮಕ್ಕಳಿಗೂ ಊರಿಗೂ ಒಂದೇ ಹಣದಿಂದ ಉಪಕಾರ ಮಾಡಿದಂತಾಗುತ್ತದೆ. ಮಳೆಯನ್ನು ಅಳೆಯುವುದು, ಹೊಳೆಯ ಮಟ್ಟವನ್ನು ಬರೆದಿಡುವುದು, ಊರಿನ ನಕ್ಷೆಯಲ್ಲಿ ತಗ್ಗು ದಿಣ್ಣೆಗಳನ್ನು ಗುರುತಿಸುವುದು ಇವೆಲ್ಲ ವಿದ್ಯಾರ್ಥಿಗಳು ಶಿಕ್ಷಕರ ಮಾರ್ಗದರ್ಶನದಲ್ಲಿ ಮಾಡಬಹುದಾದ ಕೆಲಸಗಳು. ಹಾಗೆ ಹತ್ತು ವರ್ಷ ನಡೆದ ದಾಖಲೆ, ಪೇಟೆಯ ಭವಿಷ್ಯವನ್ನು ನಿರ್ಣಯಿಸುವ ದಿನ ಯಾವ ಭಾಷಣಕ್ಕಿಂತಲೂ ಹೆಚ್ಚು ತೂಕದ ಸಾಕ್ಷಿಯಾದೀತು.

ಹೊಳೆಗೆ ತನ್ನ ಹಳೆಯ ಪಾತ್ರದ ನೆನಪಿರುತ್ತದೆ. ಮಳೆ ಬಂದಾಗ ಅದು ಅಲ್ಲಿಗೇ ಮರಳುತ್ತದೆ. ಕುಂಬಾರನಿಗೂ ಗೊಂಬೆ ಮಾಡುವವನಿಗೂ ತಮ್ಮ ಓಣಿಯ ನೆನಪಿರುತ್ತದೆ. ನೀರು ಇಳಿದಾಗ ಅವರೂ ಅಲ್ಲಿಗೇ ಮರಳುತ್ತಾರೆ. ಈ ಎರಡು ಮರಳುವಿಕೆಗಳು ಒಂದೇ ನೆಲದ ಮೇಲೆ ಮತ್ತೆ ಮತ್ತೆ ಎದುರಾಗದಂತೆ ಮಾಡುವುದೇ ಗೋಕಾಕದ ಪುನರ್ನಿರ್ಮಾಣದ ನಿಜವಾದ ಕೆಲಸ. ಹೊಳೆಗೆ ಅದರ ಜಾಗವೂ ಕಸುಬುದಾರನಿಗೆ ಅವನ ಓಣಿಯೂ ದೊರೆತ ದಿನ, ಸಾವಿರ ವರ್ಷಗಳ ಈ ಊರು ಇನ್ನೊಮ್ಮೆ ನೆಲೆ ಕಂಡಂತಾಗುವುದು.